ವಿಕೆ 30.02 ಡಿ: ಕಮಾನ್ ಅಂಗಡಿಯವನ ರಿವ್ಯೂ

ವರ್ಲ್ಡ್ ಆಫ್ ಟ್ಯಾಂಕ್ಸ್ ಅನ್ನೋ ಆನ್‌ಲೈನ್ ಟ್ಯಾಂಕ್ ಯುದ್ಧದ ಆಟದಲ್ಲಿ ಜರ್ಮನ್ ಮೀಡಿಯಂ ಟ್ಯಾಂಕ್ ಹಿಡಿದು ಲೆಪರ್ಡ್ ಟ್ಯಾಂಕಿನ ಕಡೆಗೆ ಹೊರಟರೆ ಏಳನೇ ಟಿಯರ್‌ನಲ್ಲಿ (ಹಂತದಲ್ಲಿ) ವಿಕೆ 30.02 ಡಿ ಸಿಗುತ್ತೆ. ಕೈಯಿಂದ ದುಡ್ಡು ಹಾಕಬೇಕಿಲ್ಲ, ಆಡಿ ಗಳಿಸಿದ ಎಕ್ಸ್‌ಪಿ (ಅನುಭವದ ಅಂಕ), ಕ್ರೆಡಿಟ್ (ಆಟದೊಳಗಿನ ದುಡ್ಡು) ಸಾಕು. ಮುಂದಿನ ಟಿಯರ್‌ನದು ಇಂಡಿಯೆನ್ ಪಾಂಜರ್, ಅಂದರೆ ಇಂಡಿಯಾ ಟ್ಯಾಂಕ್. ಆ ಹೆಸರಿನ ಆಸೆಗೆ ನಮ್ಮವರು ಇದನ್ನು ಗಡಿಬಿಡಿಯಲ್ಲಿ ದಾಟಿಬಿಡ್ತಾರೆ. ಅನ್ಯಾಯ.

ಮಂಡ್ಯದಲ್ಲಿ ನಂದು ಲಾರಿ, ಟ್ರೈಲರ್‌ಗಳಿಗೆ ಕಮಾನ್ ಪ್ಲೇಟ್ ಕಟ್ಟೋ ಕೆಲಸ. ಕಬ್ಬಿನ ಸೀಸನ್ನಿನಲ್ಲಿ ಓವರ್‌ಲೋಡ್ ಮಾಡಿ ಮುರಿದುಕೊಂಡು ಬರೋರಿಗೆ ಲೆಕ್ಕವಿಲ್ಲ. ಅದಕ್ಕೇ ಈ ಟ್ಯಾಂಕಿನ ಚಾಸಿಯೇ ನನಗೆ ಮೊದಲು ಹಿಡಿಸಿದ್ದು.

1941ರಲ್ಲಿ ರಷ್ಯಾದ ಟಿ-34 ಕಂಡು ಜರ್ಮನ್ನರು ಕಂಗಾಲಾದರು. 30 ಟನ್ ದರ್ಜೆಯ ಹೊಸ ಟ್ಯಾಂಕಿಗೆ ಡೈಮ್ಲರ್-ಬೆಂಜ್ ಮತ್ತು ಎಂಎಎನ್ ಕಂಪನಿಗಳು ನಕ್ಷೆ ತಂದವು. ಡೈಮ್ಲರ್‌ನದು, ಅಂದರೆ ನಮ್ಮ ಈ ವಿಕೆ 30.02 ಡಿ, ಡೀಸೆಲ್ ಎಂಜಿನ್, ಹಿಂದಿನಿಂದ ಡ್ರೈವ್, ಕೆಳಗೆ ಕಮಾನ್ ಪ್ಲೇಟು. ಎಂಎಎನ್‌ನವರು ಟಾರ್ಷನ್ ಬಾರ್ (ತಿರುಚಿಕೊಂಡು ಕಮಾನಿನ ಕೆಲಸ ಮಾಡೋ ಸರಳು) ಹಾಕಿದ್ದರು. ಹಿಟ್ಲರ್‌ಗೆ ಮೊದಲು ಹಿಡಿಸಿದ್ದು ಡೈಮ್ಲರ್‌ನದೇ. 200 ಟ್ಯಾಂಕಿಗೆ ಆರ್ಡರೂ ಹೋಯಿತು. ಆದರೆ ರೈನ್‌ಮೆಟಲ್ ಕಂಪನಿಯವರ ರೆಡಿ ಟರೆಟ್ (ಗನ್ ಕೂರೋ, ತಿರುಗೋ ಮೇಲ್ಭಾಗ) ಇದರ ಮೇಲೆ ಕೂರುತ್ತಿರಲಿಲ್ಲ. ಹೊಸ ಟರೆಟ್ ಮಾಡೋಕೆ ಟೈಮಿಲ್ಲ. 1942ರ ಮೇ ತಿಂಗಳಲ್ಲಿ ಎಂಎಎನ್ ಗೆದ್ದಿತು, ಅದೇ ಪ್ಯಾಂಥರ್ ಆಯಿತು. ಆ ಪ್ಯಾಂಥರಿನ ಫೈನಲ್ ಡ್ರೈವ್ (ಚೈನಿಗೆ ಶಕ್ತಿ ಮುಟ್ಟಿಸೋ ಕೊನೆಯ ಗೇರು) ಸವೆದು ಮುರಿದು ಪಟ್ಟ ಪಾಡು ನೋಡಿದರೆ ನನಗೆ ಒಳಗೊಳಗೇ ನಗು. ಡೈಮ್ಲರ್‌ನದು ಕೆಡುತ್ತಿರಲಿಲ್ಲ ಅಂತಲ್ಲ, ಹೊಸ ಗಾಡಿ ಯಾವುದೇ ಇರಲಿ ಮೊದಲ ಸೀಸನ್ ಗ್ಯಾರೇಜಿನಲ್ಲೇ.

ಆಟದಲ್ಲಿ ಆ ಟರೆಟ್ ತಕರಾರೇ ಇಲ್ಲ, ಎಕ್ಸ್‌ಪಿ ಕೊಟ್ಟರೆ ಕೂರುತ್ತೆ. 75 ಎಂಎಂ ಎಲ್/100 ಗನ್ ಹಾಕಿಸಿಕೊಳ್ಳಿ. ಎಲ್/100 ಅಂದರೆ ನಳಿಗೆ ಅದರ ಬಾಯಿಯ ನೂರರಷ್ಟು ಉದ್ದ, ಲೆಕ್ಕ ಹಾಕಿದರೆ ಏಳೂವರೆ ಮೀಟರ್! ಟರೆಟ್ ಮುಂದಕ್ಕಿರೋದರಿಂದ ನಿಜವಾದ ಟ್ಯಾಂಕಿನಲ್ಲಿ ಅದು ಹಳ್ಳಕ್ಕಿಳಿದರೆ ಮಣ್ಣಿಗೆ ತಿವಿಯುತ್ತಿತ್ತು, ಕಾಡಿನಲ್ಲಿ ಮರಕ್ಕೆ ತಗಲುತ್ತಿತ್ತು. ಆಟದಲ್ಲಿ ನಳಿಗೆ ಗೋಡೆಯೊಳಗೂ ಹಾಯ್ದು ಹೋಗುತ್ತೆ, ಹಾಗಾಗಿ ಮುಂದಕ್ಕಿರೋ ಟರೆಟ್ ಬರೀ ಲಾಭ: ಮನೆ ಮೂಲೆಯಿಂದ ಇಣುಕುವಾಗ ಬಾಡಿ ಜಾಸ್ತಿ ಹೊರಗೆ ಕಾಣೋದಿಲ್ಲ. 88 ಎಂಎಂ ಎಲ್/56 ಒಂದೇಟಿಗೆ ಹೆಚ್ಚು ಡ್ಯಾಮೇಜ್ ಕೊಡುತ್ತೆ ನಿಜ, ಆದರೆ ಒಂಬತ್ತನೇ ಟಿಯರ್ ಟ್ಯಾಂಕುಗಳ ಮಧ್ಯೆ ಸಿಕ್ಕಾಗ ಗುಂಡು ಒಳಗೇ ಹೋಗಲ್ಲ.

ಆರ್ಮರ್ ನಂಬಬೇಡಿ. ಮುಂದಿನ ತಗಡು ಓರೆಯಾಗಿದೆ, ಸಣ್ಣ ಗನ್ನಿನ ಗುಂಡು ಜಾರಿಸುತ್ತೆ, ಅಷ್ಟೇ. ಪಕ್ಕ ತಿರುಗಿಸಿದರೆ ಕತೆ ಮುಗಿಯಿತು.

ರೂಪ ಥೇಟ್ ಟಿ-34ದೇ. ರಣರಂಗದಲ್ಲಿ ತಮ್ಮದೋ ವೈರಿಯದೋ ಗೊತ್ತಾಗದೆ ಸ್ವಂತ ಟ್ಯಾಂಕಿಗೇ ಹೊಡೆಯುತ್ತಿದ್ದರೇನೋ. ಇಲ್ಲಿ ತಲೆ ಮೇಲೆ ಕೆಂಪು, ಹಸಿರು ಗುರುತು ಇರುತ್ತಲ್ಲ, ಆ ಚಿಂತೆಯಿಲ್ಲ.

ಮುನ್ನುಗ್ಗಿ ಗುದ್ದೋ ಚಟದವರಿಗೆ ಇದು ಬೇಡ. ಹೆವಿ ಟ್ಯಾಂಕಿನ ಬೆನ್ನಿಗೆ ನಿಂತು, ಅವನು ಗುಂಡು ತಿನ್ನುವಾಗ ಪಕ್ಕದಿಂದ ಹೊಡೆಯೋ ತಾಳ್ಮೆ ಇದ್ದರೆ ಕಣ್ಣುಮುಚ್ಚಿ ತಗೊಳ್ಳಿ.