ನಮ್ಮ ಬೀದಿಯ ಸೆಂಟೊ: ಸ್ನಾನಕ್ಕೆ ಹೋದೆ, ಪರಿಚಯದವರು ಸಿಕ್ಕರು

ಟೋಕಿಯೊದಲ್ಲಿ ಪಕ್ಕದ ಮನೆಯವರ ಪರಿಚಯ ಆಗುವುದೇ ಕಷ್ಟ. ಲಿಫ್ಟಿನಲ್ಲಿ ತಲೆ ಬಾಗಿಸಿದರೆ ಮುಗಿಯಿತು. ಎರಡು ವರ್ಷ ಹಾಗೇ ಕಳೆದ ನನಗೆ ನಾಲ್ಕು ಮಾತಾಡುವ ಜನ ಸಿಕ್ಕಿದ್ದು ಸೆಂಟೊದಲ್ಲಿ, ಅಂದರೆ ಬೀದಿಯವರೆಲ್ಲ ಬರುವ ಬಿಸಿನೀರಿನ ಸ್ನಾನದ ಮನೆಯಲ್ಲಿ.

ಸ್ನಾನಕ್ಕೆ ದೊಡ್ಡವರ ದರ 2024ರ ಆಗಸ್ಟ್‌ನಲ್ಲಿ 550 ಯೆನ್ ಆಯಿತು. ಅದಕ್ಕೆ ಮುಂಚೆ 520 ಇತ್ತು. ಗಂಡಸರಿಗೆ, ಹೆಂಗಸರಿಗೆ ಬೇರೆ ಬೇರೆ ಕಡೆ. ಮೈಮೇಲೆ ಬಟ್ಟೆ ಇರಬಾರದು, ಮೊದಲ ದಿನ ನಾಚಿಕೆ ಆಗಿಯೇ ಆಗುತ್ತದೆ. ಪುಟ್ಟ ಸ್ಟೂಲ್ ಮೇಲೆ ಕೂತು ಸೋಪು ಹಚ್ಚಿ ಚೆನ್ನಾಗಿ ತೊಳೆದುಕೊಂಡ ಮೇಲೆಯೇ ತೊಟ್ಟಿಗೆ ಇಳಿಯಬೇಕು. ಇದು ಗೊತ್ತಿತ್ತು, ಆದರೆ ಟವೆಲ್ ನೀರಿಗೆ ತಾಗಬಾರದು ಅಂತ ಗೊತ್ತಿರಲಿಲ್ಲ. ಒಬ್ಬ ಅಜ್ಜ ಬೈಯಲಿಲ್ಲ, ತಮ್ಮ ತಲೆ ಮೇಲೆ ಮಡಚಿಟ್ಟಿದ್ದ ಟವೆಲ್ ತೋರಿಸಿ ನಕ್ಕರು, ಅವತ್ತಿನಿಂದ ನಾನು ಹೋದಾಗಲೆಲ್ಲ ನನಗೆ ಅರ್ಥವಾಗುವಷ್ಟು ನಿಧಾನವಾಗಿ ಮಾತಾಡುತ್ತಾರೆ, ಊಟ ಆಯ್ತಾ, ಕೆಲಸ ಹೇಗಿದೆ, ನಿಮ್ಮ ಕಡೆ ಈಗ ಮಳೆನಾ ಅಂತ. ಭಾಷೆ ಕಲಿಯೋಕೆ ಇದಕ್ಕಿಂತ ಒಳ್ಳೆ ಜಾಗ ನನಗೆ ಸಿಕ್ಕಿಲ್ಲ.

ಗೋಡೆ ತುಂಬ ಫುಜಿ ಬೆಟ್ಟದ ಚಿತ್ರ ಇದೆ, ಬಣ್ಣ ಮಾಸಿದರೂ ಚೆಂದ. ಸ್ನಾನ ಮುಗಿಸಿ ಗಾಜಿನ ಬಾಟಲಿಯ ತಣ್ಣನೆ ಕಾಫಿ ಹಾಲು ಕುಡಿಯಲೇಬೇಕು.

ಕೊರತೆ ಹೇಳಬೇಕೆಂದರೆ, ಸೂಚನೆಗಳೆಲ್ಲ ಬರೀ ಜಪಾನೀಸಿನಲ್ಲಿವೆ, ಹೊಸಬರು ತಡಬಡಾಯಿಸುತ್ತಾರೆ. ನೀರೂ ಸುಡುತ್ತದೆ, ಐದು ನಿಮಿಷಕ್ಕಿಂತ ಜಾಸ್ತಿ ಕೂರಬೇಡಿ. ಸೋಪು, ಟವೆಲ್ ನೀವೇ ತನ್ನಿ. ಸಂಜೆ ಆರರ ಹೊತ್ತಿಗೆ ಹೋಗಿ, ಮಾತಾಡುವ ಅಜ್ಜಂದಿರೆಲ್ಲ ಆಗಲೇ ಬರುವುದು.