ಮನೆಯಲ್ಲೇ ಕುಳಿತು ಕಂಡ ನಾಲ್ಕು ಎಲೆಕ್ಟ್ರಾನಿಕ್ ಸಂಗೀತ ಪ್ರದರ್ಶನಗಳು: ಯಾವುದು ಒಳಗೆ ಕರೆದುಕೊಂಡಿತು?

ಗ್ರಾಫಿಕ್ಸ್ ಅದ್ದೂರಿಯಾದಷ್ಟೂ ಕೇಳುಗ ಸಂಗೀತದೊಳಗೆ ಮುಳುಗುತ್ತಾನೆ ಎಂಬ ಮಾತನ್ನು ನಾನು ಒಪ್ಪುವುದಿಲ್ಲ. ಕೊರೋನಾ ವರ್ಷದಲ್ಲಿ ವೇದಿಕೆಗಳೆಲ್ಲ ಮುಚ್ಚಿ ಎಲೆಕ್ಟ್ರಾನಿಕ್ ಸಂಗೀತಗಾರರು ಪರದೆಗೆ ಗುಳೆ ಬಂದರಲ್ಲ, ಆಗ ನಾಲ್ಕು ಬಗೆಯ ಪ್ರದರ್ಶನಗಳನ್ನು ಒಂದೇ ಲ್ಯಾಪ್‌ಟಾಪಿನಲ್ಲಿ, ಒಂದೇ ಹೆಡ್‌ಫೋನಿನಲ್ಲಿ ನೋಡಿದೆ. ಕಂಪ್ಯೂಟರ್ ಲೋಕವನ್ನು ಕಣ್ಣ ಸುತ್ತಲೂ ತೋರಿಸುವ ವಿಆರ್ ಕನ್ನಡಕ ನನ್ನ ಬಳಿ ಇಲ್ಲ. ಹಾಗಾಗಿ ಇಲ್ಲಿರುವುದೆಲ್ಲ ಚಪ್ಪಟೆ ಪರದೆಯ ತೀರ್ಪು.

ದುಡ್ಡು ಕೊಟ್ಟು ನೋಡಿದ್ದು ಬೆಲ್ಜಿಯಂನ ಟುಮಾರೋಲ್ಯಾಂಡ್ ಒಂದನ್ನೇ. 2020ರ ಜುಲೈ 25 ಮತ್ತು 26ರಂದು ನಡೆದ ಅದರ ಆನ್‌ಲೈನ್ ಹಬ್ಬಕ್ಕೆ ಎರಡೂ ದಿನ ಸೇರಿ 20 ಯೂರೋ. ಹಬ್ಬ ಎಂದಿನಂತೆ ನಡೆಯುವ ಬೋಮ್ ಊರಿನ ಬಯಲಿಗೆ ಬದಲಾಗಿ ಒಂದು ಕಲ್ಪಿತ ದ್ವೀಪ, ಅದರಲ್ಲಿ ಎಂಟು ವೇದಿಕೆ. ಕಲಾವಿದರನ್ನು ಹಸಿರು ಪರದೆಯ ಮುಂದೆ ಮೊದಲೇ ಚಿತ್ರೀಕರಿಸಿ ಆ ಲೋಕದೊಳಗೆ ನಿಲ್ಲಿಸಿದ್ದರು. ಕೆಲಸ ಅಚ್ಚುಕಟ್ಟು, ಕ್ಯಾಮೆರಾ ಹದ್ದಿನಂತೆ ಹಾರುತ್ತದೆ, ಕುಣಿಯುವ ಜನಸಾಗರ ಕೂಡ ಆನಿಮೇಷನ್. ಆದರೆ ನಾನು ಎದ್ದು ಹೋದರೂ ಆ ಜನಸಾಗರ ಹಾಗೆಯೇ ಕುಣಿಯುತ್ತಿರುತ್ತದೆ. ಎರಡನೆಯ ದಿನ ಅರ್ಧಕ್ಕೇ ಮುಚ್ಚಿದೆ.

ಪ್ಯಾರಿಸ್ಸಿನ ಜಾನ್ ಮಿಶೆಲ್ ಜಾರ್ ಆಯ್ದುಕೊಂಡ ಜಾಗವೇ ಬೇರೆ. 2019ರ ಏಪ್ರಿಲ್‌ನಲ್ಲಿ ಬೆಂಕಿಗೆ ತುತ್ತಾದ ನೋತ್ರ್ ದಾಮ್ ಚರ್ಚನ್ನು ಕಂಪ್ಯೂಟರಿನಲ್ಲಿ ಮತ್ತೆ ಕಟ್ಟಿ, 2020ರ ಡಿಸೆಂಬರ್ 31ರ ರಾತ್ರಿ ಅದರೊಳಗೆ ನುಡಿಸಿದರು. ಅವರು ಇದ್ದದ್ದು ಸ್ಟುಡಿಯೋದಲ್ಲಿ, ಚರ್ಚಿನಲ್ಲಿ ನಿಂತದ್ದು ಅವರ ಅವತಾರ, ಅಂದರೆ ಅವರ ಪರವಾಗಿ ಓಡಾಡುವ ಕಂಪ್ಯೂಟರ್ ಆಕೃತಿ. 1986ರಲ್ಲಿ ಹ್ಯೂಸ್ಟನ್ ನಗರದ ಗಗನಚುಂಬಿಗಳನ್ನೇ ಬೆಳಕಿನ ಪರದೆ ಮಾಡಿಕೊಂಡವರು ಇವರು. ಕಟ್ಟಡದ ಮೈಮೇಲೆ ಬೆಳಕು ಹರಿಸುವ ಕಸುಬು ಕೈಗೆ ಹತ್ತಿದೆ. ಅವರ 1976ರ ಆಲ್ಬಂ ‘ಆಕ್ಸಿಜೀನ್’ನ ಸ್ವರಗಳು ಏರುವಾಗ ಕಂಬಗಳು, ಕಮಾನುಗಳು ಬಣ್ಣ ಬದಲಿಸುವುದು ಅಲಂಕಾರವೆನಿಸಲಿಲ್ಲ, ಸಂಗೀತದ ಭಾಗವೇ ಎನಿಸಿತು.

ಇದನ್ನು ಎರಡು ದಾರಿಯಲ್ಲಿ ನೋಡಬಹುದಿತ್ತು: ವಿಡಿಯೋ ಪ್ರಸಾರದಲ್ಲಿ ಅಥವಾ ವಿಆರ್‌ಚಾಟ್ ಎಂಬ ಸಾಮಾಜಿಕ ಲೋಕದೊಳಗೆ ಹೊಕ್ಕು. ಪ್ಯಾರಿಸ್ಸಿನಲ್ಲಿ ನಡುರಾತ್ರಿಯಾದರೆ ನಮಗೆ ಬೆಳಗಿನ ಜಾವ ನಾಲ್ಕೂವರೆ. ಕಣ್ಣುಜ್ಜಿಕೊಂಡು ವಿಆರ್‌ಚಾಟ್‌ಗೆ ಹೋದೆ, ವಿಡಿಯೋವನ್ನು ಆಮೇಲೆ ನೋಡಿದೆ. ವಿಡಿಯೋದ ಸಂಕಲನ, ಧ್ವನಿ ಎರಡೂ ಮೇಲು, ಅನುಮಾನವೇ ಇಲ್ಲ. ಆದರೆ ಚರ್ಚಿನ ನೆಲದ ಮೇಲೆ ಯಾರದೋ ನರಿಮುಖದ ಅವತಾರ ನನಗೆ ಅಡ್ಡ ನಿಂತಾಗ, ಪಕ್ಕಕ್ಕೆ ಸರಿದು ಇಣುಕಬೇಕಾಯಿತು. ಕಾರ್ಯಕ್ರಮಕ್ಕೆ ಹೋಗಿದ್ದೇನೆ ಅನ್ನಿಸಿದ್ದು ಆ ಕಿರಿಕಿರಿಯಿಂದಲೇ.

ಅಮೆರಿಕದ ಪೋರ್ಟರ್ ರಾಬಿನ್ಸನ್ 2020ರ ಮೇ 9ರಂದು ನಡೆಸಿದ ಸೀಕ್ರೆಟ್ ಸ್ಕೈ ಎಂಬ ಆನ್‌ಲೈನ್ ಹಬ್ಬಕ್ಕೆ ಟಿಕೆಟ್ಟೂ ಬೇಡ, ಏನನ್ನೂ ಇಳಿಸಿಕೊಳ್ಳುವುದೂ ಬೇಡ. ಬ್ರೌಸರಿನಲ್ಲಿ ಕೊಂಡಿ ಒತ್ತಿದರೆ ಒಂದು ಸಭಾಂಗಣ, ಅದರಲ್ಲಿ ದೊಡ್ಡ ಪರದೆ, ಸುತ್ತ ಬೇರೆ ಬೇರೆ ದೇಶದ ವೀಕ್ಷಕರ ಪುಟ್ಟ ಅವತಾರಗಳು. ಸರಳ, ಆದರೆ ಅಲ್ಲಿರುವ ಪ್ರತಿ ಆಕೃತಿಯ ಹಿಂದೆ ನಿದ್ದೆಗೆಟ್ಟ ಒಬ್ಬ ಮನುಷ್ಯನಿದ್ದ.

ಇಲ್ಲಿ ಇಂಟರ್ನೆಟ್ಟಿನ ಮಾತು ಬಂದೇ ಬರುತ್ತದೆ. ಹೊಗೆ, ಕಿಡಿ, ಕತ್ತಲಲ್ಲಿ ತೇಲುವ ಬಣ್ಣದ ಕಣಗಳು ಎಲೆಕ್ಟ್ರಾನಿಕ್ ಪ್ರದರ್ಶನದ ಪ್ರಾಣ. ವಿಡಿಯೋ ಸಂಕೋಚನಕ್ಕೆ, ಅಂದರೆ ಬದಲಾಗದ ಭಾಗವನ್ನು ಮತ್ತೆ ಕಳಿಸದೆ ಡೇಟಾ ಉಳಿಸುವ ತಂತ್ರಕ್ಕೆ, ಅವೇ ಶತ್ರು. ಒಂದು ಚೌಕಟ್ಟಿನಿಂದ ಇನ್ನೊಂದಕ್ಕೆ ಎಲ್ಲವೂ ಬದಲಾಗುವಾಗ ಉಳಿತಾಯ ಮಾಡಲು ಏನೂ ಸಿಗುವುದಿಲ್ಲ. ನನ್ನ ಸಂಪರ್ಕ ಕುಂಟಿದಾಗಲೆಲ್ಲ ಪಟಾಕಿಗಳು ಚೌಕ ಚೌಕ ಬಿಲ್ಲೆಗಳಾದವು, ಕಡುನೀಲಿ ಆಕಾಶ ಪಟ್ಟೆ ಪಟ್ಟೆಯಾಯಿತು. ಬ್ರೌಸರಿನ ಸಭಾಂಗಣವನ್ನಾದರೋ ನನ್ನ ಯಂತ್ರವೇ ಸ್ಥಳದಲ್ಲಿ ಬಿಡಿಸುತ್ತಿತ್ತು. ಪರದೆಯ ವಿಡಿಯೋ ಮಸುಕಾದರೂ ಸುತ್ತಲ ಲೋಕ ಚೊಕ್ಕವಾಗಿಯೇ ಉಳಿಯಿತು. ಬೆಲೆಯೆಂದರೆ ಲ್ಯಾಪ್‌ಟಾಪಿನ ಫ್ಯಾನ್ ಗೊರಗುಟ್ಟಿದ್ದು, ತೊಡೆ ಬಿಸಿಯಾದದ್ದು.

ಕೊನೆಯದು ಬಡವರ ಮನೆಯ ಹಬ್ಬ, ನನ್ನ ಒಲವೂ ಅದಕ್ಕೇ: ಲೈವ್ ಕೋಡಿಂಗ್, ಅಂದರೆ ಕೇಳುಗರ ಕಣ್ಣೆದುರೇ ಕಂಪ್ಯೂಟರ್ ಕೋಡ್ ಬರೆಯುತ್ತ ಸಂಗೀತ, ಚಿತ್ರ ಹುಟ್ಟಿಸುವುದು. 2004ರಲ್ಲಿ ಹ್ಯಾಂಬರ್ಗಿನಲ್ಲಿ ಹುಟ್ಟಿದ ಟಾಪ್‌ಲ್ಯಾಪ್ ಬಳಗದ ಬೇಡಿಕೆ ನೇರ: ನುಡಿಸುವವರು ತಮ್ಮ ಪರದೆಯನ್ನು ತೋರಿಸಬೇಕು. 2020ರ ಮಾರ್ಚ್‌ನಲ್ಲಿ ಯೂಲರ್‌ರೂಮ್ ಪ್ರಸಾರದಲ್ಲಿ ಹಗಲಿರುಳೆನ್ನದೆ ಲೋಕದ ಒಂದೊಂದು ಮೂಲೆಯಿಂದ ಒಬ್ಬೊಬ್ಬರು ಬಂದು ಅಷ್ಟಷ್ಟು ಹೊತ್ತು ನುಡಿಸಿ ಹೋದರು. ಅಲೆಕ್ಸ್ ಮೆಕ್ಲೀನ್ ರೂಪಿಸಿದ ಟೈಡಲ್‌ಸೈಕಲ್ಸ್‌ನಂಥ ಸಾಧನದಲ್ಲಿ ಒಂದು ಸಾಲು ಬರೆದರೆ ತಾಳ ಬದಲಾಗುತ್ತದೆ. ಒಲಿವಿಯಾ ಜಾಕ್ ರೂಪಿಸಿದ ಹೈಡ್ರಾದಲ್ಲಿ ಒಂದು ಸಂಖ್ಯೆ ತಿದ್ದಿದರೆ ಇಡೀ ಚಿತ್ರ ಸುರುಳಿ ಸುತ್ತುತ್ತದೆ. ಟುಮಾರೋಲ್ಯಾಂಡಿನಲ್ಲಿ ಪಟಾಕಿ ಸಿಡಿಯುವ ಕ್ಷಣ ಮೊದಲೇ ಗೊತ್ತಾಗಿರುತ್ತದೆ. ಇಲ್ಲಿ ಮುಂದಿನ ಸಾಲು ಬರೆಯುವವರಿಗೇ ಪೂರ್ತಿ ಗೊತ್ತಿರುವುದಿಲ್ಲ. ಕೆಲವೊಮ್ಮೆ ಆವರಣ ಚಿಹ್ನೆಯೊಂದು ಬಿಟ್ಟುಹೋಗಿ ದೋಷಸೂಚನೆ ಕೆಂಪಗೆ ಮಿನುಗುತ್ತದೆ, ಸಂಗೀತ ಹಳೆಯ ತಾಳದಲ್ಲೇ ಸುತ್ತುತ್ತಿರುತ್ತದೆ, ನೋಡುವ ನಮಗೆ ಉಸಿರು ಬಿಗಿ. ಎಲ್ಲವೂ ಚೆನ್ನಾಗಿರುತ್ತದೆ ಎಂದಲ್ಲ. ಒಂದೇ ತಾಳವನ್ನು ತಿರುವಿ ತಿರುವಿ ತಲೆಚಿಟ್ಟು ಹಿಡಿಸಿದವರೂ ಇದ್ದರು.

ಜೊತೆ ಬೇಕೆನ್ನುವವರಿಗೆ ಸೀಕ್ರೆಟ್ ಸ್ಕೈ ಮಾದರಿ, ಕಣ್ತುಂಬ ವೈಭವ ಬೇಕೆನ್ನುವವರಿಗೆ ಜಾರ್. ಟುಮಾರೋಲ್ಯಾಂಡ್ ದೊಡ್ಡ ಟಿವಿ ಇರುವವರಿಗೆ. ಹೈಡ್ರಾ ಮಾತ್ರ ಈಗಲೂ ಯಾವ ಬ್ರೌಸರಿನಲ್ಲಾದರೂ ಉಚಿತವಾಗಿ ತೆರೆಯುತ್ತದೆ. ಮೈಕ್‌ಗೆ ಅನುಮತಿ ಕೊಟ್ಟು, ಸ್ಪೀಕರಿನಲ್ಲಿ ಇಷ್ಟದ ಸಂಗೀತ ಹಾಕಿ, ಧ್ವನಿಯ ಏರಿಳಿತವನ್ನು ಚಿತ್ರದ ಗಾತ್ರಕ್ಕೋ ಬಣ್ಣಕ್ಕೋ ಜೋಡಿಸಿ ನೋಡಿ. ಹೆಡ್‌ಫೋನ್ ಹಾಕಿದ್ದರೆ ಮೈಕ್‌ಗೆ ಏನೂ ಕೇಳಿಸುವುದಿಲ್ಲ, ಚಿತ್ರವೂ ಅಲುಗುವುದಿಲ್ಲ.