ಸೊಳ್ಳೆ ಜಾಲರಿಯ ಮೇಲೆ ಕಸೂತಿ: ಯಾವ ಮೆಶ್, ಯಾವ ದಾರ, ಯಾವ ಹೊಲಿಗೆ?

ಬಟ್ಟೆಯ ಕಸೂತಿಯಲ್ಲಿ ಗಂಟು, ದಾರದ ತುದಿಯ ಬಾಲ, ಅಡ್ಡಾದಿಡ್ಡಿ ಎಳೆ ಎಲ್ಲವೂ ಹಿಂಬದಿಯಲ್ಲಿ ಅಡಗಿಬಿಡುತ್ತವೆ. ಕಿಟಕಿ ಬಾಗಿಲಿನ ಜಾಲರಿಯಲ್ಲಿ ಅಡಗಲು ಜಾಗವೇ ಇಲ್ಲ. ಹಗಲು ಒಳಗೆ ಕೂತು ನೋಡಿದರೆ ಪ್ರತಿ ಗಂಟೂ ಬೆಳಕಿಗೆ ಎದುರಾಗಿ ಕಪ್ಪು ಚುಕ್ಕಿಯಂತೆ ಕಾಣುತ್ತದೆ. ಹೊರಗಿನವರಿಗೆ ಹೊಲಿಗೆಯ ಬೆನ್ನೇ ಮುಖ. ಹಾಗಾಗಿ ಒಂದೇ ಹೂಬಳ್ಳಿಯನ್ನು ಬೇರೆ ಬೇರೆ ಮೆಶ್, ದಾರ, ಹೊಲಿಗೆಗಳಲ್ಲಿ ಹಾಕಿ, ಎರಡೂ ಕಡೆಯಿಂದ ನೋಡಿ ಮಾಡಿದ ಹೋಲಿಕೆ ಇದು.

ಮೊದಲು ಮೆಶ್

ಪಿವಿಸಿ ಲೇಪನದ ಫೈಬರ್‌ಗ್ಲಾಸ್ ಮೆಶ್ ಇಲ್ಲಿ ಸಲೀಸಾಗಿ ಗೆಲ್ಲುತ್ತದೆ. ಅದರ ಎಳೆಗಳು ಒಂದನ್ನೊಂದು ದಾಟುವಲ್ಲಿ ಲೇಪನ ಬಿಸಿಗೆ ಕರಗಿ ಅಂಟಿಕೊಂಡಿರುತ್ತದೆ. ದಾರ ಸ್ವಲ್ಪ ಬಿಗಿಯಾಗಿ ಎಳೆದರೂ ಕಣ್ಣು ಅಷ್ಟು ಬೇಗ ಅಗಲವಾಗುವುದಿಲ್ಲ. ಆದರೆ ಕತ್ತರಿಸಿದ ಅಂಚಿನಲ್ಲಿ ಗಾಜಿನ ಎಳೆ ಹೊರಗಿರುತ್ತದೆ, ಬೆರಳಿಗೆ ತುರಿಕೆ ಬರುತ್ತದೆ. ಅಂಚಿಗೆ ಕಾಗದದ ಟೇಪ್ ಸುತ್ತಿಕೊಳ್ಳಿ. ಸುಕ್ಕು ಬಿತ್ತೆಂದು ಇಸ್ತ್ರಿ ಇಟ್ಟರೆ ಲೇಪನವೇ ಕರಗುತ್ತದೆ.

ಅಲ್ಯೂಮಿನಿಯಂ ಮೆಶ್ ನೋಡಲು ಗಟ್ಟಿ, ಹೊಲಿಯಲು ತಲೆನೋವು. ಅದರ ತಂತಿಗಳು ಬರೀ ನೇಯ್ದವು, ಅಂಟಿಸಿದವಲ್ಲ. ಓರೆ ಹೊಲಿಗೆ ಎಳೆದ ಕಡೆ ತಂತಿ ಸರಿದು ಪಕ್ಕದಲ್ಲಿ ಸೊಳ್ಳೆ ನುಗ್ಗುವಷ್ಟು ಸಂದಿ ಬೀಳುತ್ತದೆ. ಹೆಬ್ಬೆರಳು ಒತ್ತಿದ ತಗ್ಗು ಮತ್ತೆ ಮಟ್ಟಸವಾಗುವುದೂ ಇಲ್ಲ. ತಂತಿ ದಾರವನ್ನು ಉಜ್ಜಿ ನಾರು ಎಬ್ಬಿಸುವುದರಿಂದ ಇಲ್ಲಿ 30 ಸೆಂ.ಮೀ.ಗಿಂತ ಉದ್ದದ ದಾರ ಬೇಡ. ಫೈಬರ್‌ಗ್ಲಾಸಿಗಾದರೆ 45 ಸೆಂ.ಮೀ. ನಡೆಯುತ್ತದೆ. ವೆಲ್ಕ್ರೋದಿಂದ ಅಂಟಿಸುವ ಮೆತ್ತನೆಯ ಪಾಲಿಯೆಸ್ಟರ್ ಪರದೆಯಲ್ಲಿ ಕಣ್ಣು ಸಾಮಾನ್ಯವಾಗಿ ಆರು ಮೂಲೆಯದು, ಎಣಿಸಿ ಹಾಕುವ ನಮೂನೆಗೆ ಹೊಂದದು. ಬರೀ ಓಡುಹೊಲಿಗೆಯ ಗೆರೆ ಸಾಕೆನ್ನುವವರಿಗೆ ಪರವಾಗಿಲ್ಲ.

ಎಣಿಕೆಯ ಒಂದು ಬಲೆ ಇದೆ, ಬಹಳ ಜನ ಬೀಳುವುದು ಇಲ್ಲೇ. ಸಾಮಾನ್ಯವಾಗಿ ಬಳಕೆಯಲ್ಲಿರುವುದು 18×16 ಮೆಶ್: ಇಂಚಿಗೆ ಒಂದು ದಿಕ್ಕಿನಲ್ಲಿ 18 ಎಳೆ, ಇನ್ನೊಂದರಲ್ಲಿ 16. ಅಂದರೆ ಕಣ್ಣು ಚೌಕವಲ್ಲ. ಗ್ರಾಫ್ ಕಾಗದದಲ್ಲಿ 36×36 ಮನೆಯ ದುಂಡು ಹೂ ಬರೆದು, ಎಳೆಗೊಂದು ಹೊಲಿಗೆಯಂತೆ ಹಾಕಿದರೆ ಒಂದು ಕಡೆ 2 ಇಂಚು, ಇನ್ನೊಂದು ಕಡೆ ಎರಡೂಕಾಲು ಇಂಚು ಆಗಿ ಮೊಟ್ಟೆಯಾಗುತ್ತದೆ. 16ರ ದಿಕ್ಕಿನಲ್ಲಿ 32 ಸಾಲಿಗೆ ಇಳಿಸಿದರೆ ಮತ್ತೆ ದುಂಡಗಾಗುತ್ತದೆ. ಸ್ಕೇಲ್ ಇಟ್ಟು ಎರಡೂ ದಿಕ್ಕು ಎಣಿಸದೆ ಸೂಜಿ ಮುಟ್ಟಬೇಡಿ.

ದಾರ

ಆರೆಳೆಯ ಹತ್ತಿ ಕಸೂತಿ ದಾರಕ್ಕೆ ಬಣ್ಣದ ಆಯ್ಕೆ ಅಪಾರ, ಕೈಗೂ ಹಿತ. ಬಿಸಿಲು ಬೀಳುವ ಕಿಟಕಿಯಲ್ಲಿ ಮಾತ್ರ ಬಣ್ಣ ಮಾಸುತ್ತದೆ, ಎರಚಲು ಬಡಿಯುವಲ್ಲಿ ನೀರು ಹಿಡಿದುಕೊಂಡು ಬೂಷ್ಟು ಹಿಡಿಯುತ್ತದೆ. ನೆರಳಿನ ಕಿಟಕಿಗೆ ಅದನ್ನೇ ಇಟ್ಟುಕೊಳ್ಳಿ. ಪಾಲಿಯೆಸ್ಟರ್ ದಾರ ನೀರು ಕುಡಿಯುವುದಿಲ್ಲ, ಬಿಸಿಲಿಗೂ ಹೆಚ್ಚು ತಡೆಯುತ್ತದೆ; ಆದರೆ ಜಾರುತ್ತದೆ, ಬಾಲವನ್ನು ಹೊಲಿಗೆಗಳಡಿ ಒಂದೂವರೆ ಇಂಚಾದರೂ ತೂರಿಸಬೇಕು. ಉಲನ್ ಎಂದು ಕರೆಯುವ ಅಕ್ರಿಲಿಕ್ ನೂಲು ಬಿಸಿಲಿಗೆ ಚೆನ್ನಾಗಿ ಬಾಳುತ್ತದೆ, ಆದರೆ ದಪ್ಪ. 18×16ರ ಕಣ್ಣು ಒಂದು ಮಿಲಿಮೀಟರಿಗಿಂತ ತುಸು ಅಗಲ ಅಷ್ಟೇ. ಎರಡೆರಡು ಎಳೆ ದಾಟಿಸಿ ಹಾಕಿದರೂ ನೂಲು ತೂರಬೇಕಾದದ್ದು ಒಂದೇ ಕಣ್ಣಿನಲ್ಲಿ. ಹುರಿ ಬಿಚ್ಚಿ ಒಂದೆರಡು ಎಳೆ ಮಾತ್ರ ಬಳಸಿ.

ಸೂಜಿ ಮೊಂಡು ತುದಿಯದೇ ಆಗಬೇಕು, 24ನೇ ನಂಬರ್ ಸಾಕು. ಚೂಪು ಸೂಜಿ ಎಳೆಯ ಲೇಪನ ಸೀಳುತ್ತದೆ.

ಬಣ್ಣದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುವುದು ವ್ಯರ್ಥ. ಹಗಲು ಒಳಗಿನಿಂದ ಗುಲಾಬಿಯೂ ನೇರಳೆಯೂ ಹೆಚ್ಚುಕಡಿಮೆ ಒಂದೇ ನೆರಳು. ಬಣ್ಣ ಅರಳುವುದು ರಾತ್ರಿ, ಒಳಗೆ ದೀಪ ಹಚ್ಚಿದಾಗ.

ಹೊಲಿಗೆ

ಕಸೂತಿಯ ಮೆಂಥೆ, ಅಂದರೆ ಅಡ್ಡಹೊಲಿಗೆ (ಕ್ರಾಸ್ ಸ್ಟಿಚ್), ತುಂಬುಗಟ್ಟಿ ಕಾಣುತ್ತದೆ, ಆದರೆ ಬೆನ್ನಲ್ಲಿ ಬರೀ ಗೀಟುಗಳು. ದಾರ ಹೆಚ್ಚು ಬೇಕು, ಗಾಳಿಯ ಕಣ್ಣುಗಳೂ ಮುಚ್ಚುತ್ತವೆ. ನೇಗಿಯಲ್ಲಿ, ಅಂದರೆ ನೇಯ್ದಂತೆ ಕಾಣುವ ಓಡುಹೊಲಿಗೆಯಲ್ಲಿ, ಉದ್ದುದ್ದ ಎಳೆ ತೇಲುತ್ತದೆ. ಉಗುರು, ಬಳೆ, ಬೆಕ್ಕು ಯಾವುದು ಬೇಕಾದರೂ ಕಿತ್ತೀತು. ಬಾಗಿಲಿಗಂತೂ ಬೇಡ.

ಗವಂತಿ, ಅಂದರೆ ಹೋಗಿಬಂದು ಹಾಕುವ ಜೋಡಿ ಓಡುಹೊಲಿಗೆ, ಮಾತ್ರ ಜಾಲರಿಗೆಂದೇ ಹುಟ್ಟಿದಂತಿದೆ. ಹೋಗುವಾಗ ಎರಡು ಎಳೆ ಮೇಲೆ, ಎರಡು ಎಳೆ ಕೆಳಗೆ. ಬರುವಾಗ ಬಿಟ್ಟ ಜಾಗ ತುಂಬಿಸುವುದು. ಎರಡೂ ಬದಿ ಒಂದೇ ಗೆರೆ, ಗಂಟೂ ಬೇಡ: ಶುರುವಿನಲ್ಲಿ ಎರಡು ಇಂಚು ಬಾಲ ಬಿಟ್ಟು, ವಾಪಸು ಬರುವಾಗ ಅದರ ಸುತ್ತ ಸುತ್ತಿಕೊಂಡರೆ ಸಾಕು. ಬಳ್ಳಿಯಿದ್ದರೆ ಹೋಗುವಾಗಲೇ ಪ್ರತಿ ಕವಲಿಗೆ ಹೋಗಿಬಂದು ಮುಗಿಸಿ, ಕಾಂಡದ ಮೇಲೆ ವಾಪಸಾಗಿ. ಒಂದೇ ಒಂದು ಎಳೆ ತಪ್ಪಿದರೂ ಮರಳುವಾಗ ಖಾಲಿ ಜಾಗಕ್ಕೆ ಸೂಜಿ ಕೂರುವುದಿಲ್ಲ. ಮುಂದೆ ಸರಿಹೋದೀತು ಎಂದು ಸಾಗದೆ ಅಲ್ಲೇ ಬಿಚ್ಚಿ. ಗೆರೆ ಗರಗಸದಂತಾದರೆ ಕಾರಣ ಒಂದೇ: ಎರಡು ಹೊಲಿಗೆ ಹಂಚಿಕೊಳ್ಳುವ ಕಣ್ಣಿನಲ್ಲಿ ಸೂಜಿ ಹಳೆಯ ದಾರದ ಒಮ್ಮೆ ಮೇಲ್ಬದಿಗೆ, ಒಮ್ಮೆ ಕೆಳಬದಿಗೆ ಬಂದಿದೆ. ಮರಳುವಾಗ ಮೇಲೆ ಬರುವುದು ಯಾವಾಗಲೂ ಒಂದೇ ಬದಿಗೆ, ಕೆಳಗಿಳಿಯುವುದು ಅದರ ಎದುರು ಬದಿಗೆ ಎಂದು ನಿಯಮ ಮಾಡಿಕೊಳ್ಳಿ.

ಮೆಶ್ಶನ್ನು ಫ್ರೇಮಿನಿಂದ ಬಿಚ್ಚಬೇಡಿ. ರಬ್ಬರ್ ಬೀಡಿಂಗ್ ಹಿಡಿದಿರುವ ಬಿಗಿಯಷ್ಟು ಚೆನ್ನಾಗಿ ಕಸೂತಿ ರಿಂಗ್ ಹಿಡಿಯುವುದಿಲ್ಲ, ಮೇಲಾಗಿ ಉಂಗುರದ ಗುರುತು ಉಳಿಯುತ್ತದೆ. ಫ್ರೇಮನ್ನೇ ತೆಗೆದು ಎರಡು ಕುರ್ಚಿಗಳ ನಡುವೆ ಇಟ್ಟು, ಒಂದು ಕೈ ಮೇಲೆ ಒಂದು ಕೈ ಕೆಳಗೆ ಮಾಡಿ ಹೊಲಿಯಿರಿ. ಜಾರುವ ಬಾಗಿಲಾದರೆ ಪಕ್ಕದ ಕದಕ್ಕೂ ಮೆಶ್ಶಿಗೂ ಇರುವ ಸಂದಿ ಮೊದಲೇ ಅಳೆಯಿರಿ, ಉಬ್ಬಿದ ನೂಲು ಅಲ್ಲಿ ಸಿಕ್ಕಿ ಕೀಳುತ್ತದೆ. ಸುರುಳಿ ಸುತ್ತುವ ಅಥವಾ ಮಡಚುವ ಜಾಲರಿಗೆ ಹೊಲಿಗೆ ಹಾಕುವ ಗೋಜಿಗೇ ಹೋಗಬೇಡಿ.